ಬಸಿರಿನ ಸುದ್ದಿಯನ್ನು ಮಾಲೀಕರಿಗೆ ತಿಳಿಸುವುದೆಂದು?

ಜವಳಿ ಅಂಗಡಿಯಲ್ಲಿ ದುಡಿಯುವ ನಮ್ಮ ಅತ್ತಿಗೆಗೆ ಮೂರು ತಿಂಗಳು ತುಂಬಿದಾಗ ಮನೆಯಲ್ಲಿ ಎದ್ದ ಪ್ರಶ್ನೆಯಿದು. ಬೇಗ ಹೇಳಿದರೆ ಕೆಲಸ ಹೋದೀತೆಂಬ ಭಯ. ಹೇಳದಿದ್ದರೆ ಬಟ್ಟೆಯ ಗಂಟು ಹೊರುವುದು ತಪ್ಪದು. ಕಾಲೇಜು ಕಂಡವನು ನಾನೊಬ್ಬನೇ ಆದುದರಿಂದ ಕಾನೂನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು.

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲೆರಡು ಹೆರಿಗೆಗಳಿಗೆ ಸಂಬಳಸಹಿತ ರಜೆ 26 ವಾರಕ್ಕೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು, ಅಷ್ಟೆ. ಇಂಥ ತಿಂಗಳಲ್ಲೇ ತಿಳಿಸಬೇಕೆಂಬ ಕಟ್ಟಳೆಯಿಲ್ಲ. ಹೆರಿಗೆಯಾದ ಮೇಲೆ ಅರ್ಜಿ ಕೊಟ್ಟರೂ ಹಕ್ಕು ಹೋಗದು. ಆದರೆ ಹೆರಿಗೆಗೆ ಸುಮಾರು ಹತ್ತು ವಾರ ಮುಂಚಿನಿಂದ ಭಾರದ ಕೆಲಸ ತಪ್ಪುವುದು ಕೇಳಿಕೊಂಡವರಿಗೆ ಮಾತ್ರ. ಆದುದರಿಂದ ಏಳನೆಯ ತಿಂಗಳಿಗೆ ಮುಂಚೆಯೇ ಬರಹದಲ್ಲಿ ತಿಳಿಸುವುದು ಲೇಸೆಂದು ನನ್ನ ಅಭಿಪ್ರಾಯ. ಬಸಿರಿನ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದನ್ನು ಕಾನೂನು ನಿಷೇಧಿಸಿದೆ; ಆದರೆ ತನಗೆ ತಿಳಿದಿರಲೇ ಇಲ್ಲವೆಂದು ಮಾಲೀಕರು ಹೇಳಿದಾಗ, ಅವರ ಸಹಿ ಪಡೆದಿಟ್ಟುಕೊಂಡ ಪ್ರತಿಯೊಂದೇ ಉತ್ತರ.