ಒಂದು ದಿನದ ಕೂಲಿ ಬಿಟ್ಟವರು

ಶಂಕರಪುರದ ಮಲ್ಲಿಗೆ ತೋಟಗಳಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಆರಂಭವಾಗುತ್ತದೆ. ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. ನಾಳೆ ಕೊಯ್ದರಾಯಿತು ಎಂದು ಕುಳಿತರೆ ಮೊಗ್ಗು ಅರಳಿಬಿಡುತ್ತದೆ, ಆ ದಿನದ ಹಣ ಹೋದಂತೆಯೇ. ಬೀಡಿ ಕಟ್ಟುವ ಸಹೋದರಿಯರ ಪಾಡೂ ಇದೇ. ಬ್ರಾಂಚಿಗೆ ಬೀಡಿ ಕೊಡದ ವಾರ ಮನೆಯ ಲೆಕ್ಕವೇ ತಪ್ಪುತ್ತದೆ. ಒಂದು ದಿನದ ಕೂಲಿಯ ಬೆಲೆ ಏನೆಂದು ಕರಾವಳಿಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂತಹ ಕೂಲಿಯನ್ನು ಬಿಟ್ಟು, ಪ್ರಾಣವನ್ನೂ ಪಣಕ್ಕಿಟ್ಟು, ತಮ್ಮ ಧರ್ಮದವರಲ್ಲದ ನೆರೆಯವರಿಗಾಗಿ ಕೆಲಸ ನಿಲ್ಲಿಸಿದ ಕಾರ್ಮಿಕರಿದ್ದರು. ಅವರ ಊರು ಯುರೋಪಿನ ಆಮ್‌ಸ್ಟರ್‌ಡ್ಯಾಮ್. ಕಾಲ ಎರಡನೇ ಮಹಾಯುದ್ಧದ್ದು.

ಶನಿವಾರದ ಬೇಟೆ

1940ರ ಮೇ ತಿಂಗಳಲ್ಲಿ ಹಿಟ್ಲರನ ಸೇನೆ ನೆದರ್‌ಲ್ಯಾಂಡ್ಸ್ ದೇಶವನ್ನು ವಶಪಡಿಸಿಕೊಂಡಿತು. ಆ ಪುಟ್ಟ ದೇಶದಲ್ಲಿ ಆಗ ಸುಮಾರು 1,40,000 ಯಹೂದಿಯರಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಮ್‌ಸ್ಟರ್‌ಡ್ಯಾಮ್ ನಗರದವರು. ವ್ಯಾಪಾರಿಗಳು, ದರ್ಜಿಗಳು, ವಜ್ರ ಕೊರೆಯುವವರು, ತಳ್ಳುಗಾಡಿಯವರು ಹೀಗೆ ಎಲ್ಲ ಬಗೆಯ ಜನ.

ದಬ್ಬಾಳಿಕೆ ಒಂದೇ ದಿನದಲ್ಲಿ ಬರಲಿಲ್ಲ. ಮೊದಲು ಸರಕಾರಿ ನೌಕರರು ತಾವು ಯಹೂದಿಯರೇ ಅಲ್ಲವೇ ಎಂದು ಬರೆದುಕೊಡಬೇಕಾಯಿತು. ಆಮೇಲೆ ಯಹೂದಿ ನೌಕರರನ್ನು ಕೆಲಸದಿಂದ ತೆಗೆಯಲಾಯಿತು. 1941ರ ಜನವರಿಯಲ್ಲಿ ಎಲ್ಲ ಯಹೂದಿಯರೂ ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಬಂತು. ನಾಝಿ ಬೆಂಬಲಿಗರು ಯಹೂದಿಯರ ಬೀದಿಗಳಿಗೆ ನುಗ್ಗಿ ಹೊಡೆಯತೊಡಗಿದರು. ಬೀದಿಯ ಯುವಕರು ತಿರುಗಿ ನಿಂತಾಗ ನಡೆದ ಘರ್ಷಣೆಯಲ್ಲಿ ಗಾಯಗೊಂಡ ಒಬ್ಬ ನಾಝಿ ಬೆಂಬಲಿಗ ಸತ್ತ. ಆಳುವವರಿಗೆ ಬೇಕಾಗಿದ್ದ ನೆಪ ಸಿಕ್ಕಿತು.

1941ರ ಫೆಬ್ರವರಿ 22, ಶನಿವಾರ. ಯಹೂದಿಯರಿಗೆ ಅದು ಪವಿತ್ರ ವಿಶ್ರಾಂತಿಯ ದಿನ. ಅಂದು ಮತ್ತು ಮರುದಿನ ಪೊಲೀಸರು ಅವರ ಬೀದಿಗಳನ್ನು ಸುತ್ತುವರಿದು 427 ಯುವಕರನ್ನು ಹಿಡಿದರು. ಹೊಡೆದು, ಚೌಕದಲ್ಲಿ ಮಂಡಿಯೂರಿ ಕೂರಿಸಿ, ಲಾರಿಗಳಲ್ಲಿ ತುಂಬಿಸಿ ಒಯ್ದರು. ತಾಯಂದಿರು, ಮಡದಿಯರು ನೋಡುತ್ತ ನಿಂತಿದ್ದರು. ಬ್ಯೂಖನ್‌ವಾಲ್ಡ್ ಮತ್ತು ಮೌತ್‌ಹೌಸನ್ ಶಿಬಿರಗಳಿಗೆ ಸಾಗಿಸಲ್ಪಟ್ಟ ಆ ಯುವಕರಲ್ಲಿ ಹೆಚ್ಚುಕಡಿಮೆ ಯಾರೂ ಮರಳಿ ಬರಲಿಲ್ಲ.

ಟ್ರಾಮ್ ಬರಲಿಲ್ಲ

ಆ ನಗರದಲ್ಲಿ ಪೀಟ್ ನಾಕ್ ಎಂಬವರು ನಗರಸಭೆಯ ಶುಚೀಕರಣ ವಿಭಾಗದ ಕಾರ್ಮಿಕರು. ವಿಲ್ಲೆಮ್ ಕ್ರಾನ್ ರಸ್ತೆಗೆ ಕಲ್ಲು ಹಾಸುವವರು. ಇಬ್ಬರೂ ನಿಷೇಧಿತ ಕಮ್ಯುನಿಸ್ಟ್ ಪಕ್ಷದವರು. ಓದಿ ದೊಡ್ಡವರಾದವರಲ್ಲ, ಅಧಿಕಾರವಿದ್ದವರೂ ಅಲ್ಲ. ಸೋಮವಾರ ಸಂಜೆ ಅವರು ನೂರ್ಡರ್‌ಮಾರ್ಕ್ಟ್ ಎಂಬ ಸಂತೆ ಮೈದಾನದಲ್ಲಿ ಕೆಲವು ನೂರು ಕಾರ್ಮಿಕರ ಸಭೆ ಸೇರಿಸಿದರು. ನಾಳೆ ಯಾರೂ ಕೆಲಸಕ್ಕೆ ಹೋಗಬಾರದು ಎಂದು ತೀರ್ಮಾನವಾಯಿತು. ರಾತ್ರೋರಾತ್ರಿ ಕರಪತ್ರಗಳು ಹಂಚಿಕೆಯಾದವು.

ಮಂಗಳವಾರ, ಫೆಬ್ರವರಿ 25. ಬೆಳಗ್ಗೆ ಜನ ಟ್ರಾಮ್‌ಗಾಗಿ ಕಾದರು. ಟ್ರಾಮ್ ಬರಲಿಲ್ಲ. ಮುಷ್ಕರ ಎಂಬ ಸುದ್ದಿಯನ್ನು ಊರಿಗೆಲ್ಲ ಮುಟ್ಟಿಸಿದ್ದು ಆ ಬಾರದ ಟ್ರಾಮ್. ಹಡಗು ಕಟ್ಟುವವರು ಹೊರಬಂದರು. ಬಂದರಿನ ಹಮಾಲಿಗಳು, ಕಾರ್ಖಾನೆಯವರು, ಕಚೇರಿಯ ಗುಮಾಸ್ತರು, ಹೊಲಿಗೆ ಕೆಲಸದ ಹೆಣ್ಣುಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಬೀದಿಗಿಳಿದರು. ಮರುದಿನ ಝಾಂಡಾಮ್, ಹಾರ್ಲೆಮ್, ಹಿಲ್ವರ್ಸಮ್, ಉಟ್ರೆಕ್ಟ್‌ಗಳಿಗೂ ಮುಷ್ಕರ ಹಬ್ಬಿತು. ಭಾಗವಹಿಸಿದವರು ಸುಮಾರು 3 ಲಕ್ಷ ಎಂಬ ಅಂದಾಜಿದೆ.

ಕಾರ್ಮಿಕರು ಸಂಬಳ ಹೆಚ್ಚಿಸಿರೆಂದು ಮುಷ್ಕರ ಹೂಡುವುದು ಲೋಕರೂಢಿ. ಇವರು ಬೀದಿಗಿಳಿದದ್ದು ಪಕ್ಕದ ಬೀದಿಯವರನ್ನು ಹೊತ್ತೊಯ್ದರೆಂಬ ಕಾರಣಕ್ಕೆ.

ತೆತ್ತ ಬೆಲೆ

ಎರಡನೇ ದಿನ ಸೈನಿಕರು ಗುಂಡು ಹಾರಿಸಿದರು. 9 ಮಂದಿ ಸತ್ತರು, ಹಲವರು ಗಾಯಗೊಂಡರು. ಆಮ್‌ಸ್ಟರ್‌ಡ್ಯಾಮ್ ನಗರದ ಮೇಲೆ 1.5 ಕೋಟಿ ಗಿಲ್ಡರ್ ದಂಡ ಬಿತ್ತು. ಮಾರ್ಚ್ 13ರಂದು ಗುಂಡಿಟ್ಟು ಕೊಲ್ಲಲಾದ 18 ಮಂದಿಯಲ್ಲಿ ಮೂವರು ಈ ಮುಷ್ಕರದವರು. ವಿಲ್ಲೆಮ್ ಕ್ರಾನ್‌ರನ್ನು 1942ರ ನವೆಂಬರ್‌ನಲ್ಲಿ ಕೊಂದರು. ಪೀಟ್ ನಾಕ್ ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿಯೂ ಬದುಕುಳಿದರು.

ಮುಷ್ಕರದಿಂದ ದಬ್ಬಾಳಿಕೆ ನಿಂತಿತೇ? ಇಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಆ ದೇಶದ ಸುಮಾರು 1,02,000 ಯಹೂದಿಯರು ಕೊಲೆಯಾಗಿದ್ದರು. ಆದರೂ ಇಡೀ ಊರು ಸುಮ್ಮನಿತ್ತೆಂದು ಚರಿತ್ರೆ ಬರೆಯುವಂತಿಲ್ಲ. 1952ರ ಡಿಸೆಂಬರ್‌ನಲ್ಲಿ ರಾಣಿ ಜೂಲಿಯಾನಾ ಅದೇ ಚೌಕದಲ್ಲಿ ಒಂದು ಪ್ರತಿಮೆಯನ್ನು ಅನಾವರಣಗೊಳಿಸಿದರು. ಶಿಲ್ಪಿ ಮಾರಿ ಆಂಡ್ರೀಸನ್ ಕಡೆದದ್ದು ರಾಜನನ್ನಲ್ಲ, ಸೇನಾಪತಿಯನ್ನೂ ಅಲ್ಲ. ಬರಿಗೈಯಲ್ಲಿ, ಎದೆಯೊಡ್ಡಿ ನಿಂತ ಒಬ್ಬ ಬಂದರು ಕೂಲಿಯನ್ನು. ಪ್ರತಿ ಫೆಬ್ರವರಿ 25ರಂದು ಜನ ಸಾಲಾಗಿ ಬಂದು ಅವನ ಪಾದದ ಬಳಿ ಹೂವಿಡುತ್ತಾರೆ.

ನಾವೇಕೆ ನೆನೆಯಬೇಕು?

ಪ್ಯಾಲೆಸ್ತೀನಿನ ಮಕ್ಕಳ ಗೋಳು ಕಣ್ಣ ಮುಂದಿರುವಾಗ ಯಹೂದಿಯರ ಕಥೆ ನಮಗೇಕೆ ಎಂದು ಕೆಲವು ಸಹೋದರಿಯರು ಕೇಳಬಹುದು. ಇದಕ್ಕೆ ಉತ್ತರ ಪೀಟ್ ನಾಕ್‌ರ ಬದುಕಿನಲ್ಲೇ ಇದೆ. ಯಹೂದಿಯರಿಗಾಗಿ ಚಿತ್ರಹಿಂಸೆ ಸಹಿಸಿದ ಈ ವ್ಯಕ್ತಿಯೇ 1969ರಲ್ಲಿ ನೆದರ್‌ಲ್ಯಾಂಡ್ಸ್‌ನ ಪ್ಯಾಲೆಸ್ತೀನ್ ಸಮಿತಿಯನ್ನು ಕಟ್ಟಿದವರಲ್ಲಿ ಒಬ್ಬರು. ಅವರು ಕಂಡದ್ದು ಪೀಡಿತರನ್ನು, ಜಾತಿಯನ್ನಲ್ಲ. ದ್ವೇಷ ಇರುವಲ್ಲಿಯೂ ನ್ಯಾಯ ಬಿಡಬಾರದೆಂಬ ಪವಿತ್ರ ಕುರ್‌ಆನಿನ 'ಅಲ್ ಮಾಇದಃ' ಅಧ್ಯಾಯದ ಆದೇಶ ಇಂತಹ ಗಳಿಗೆಗಳಿಗಾಗಿಯೇ ಇರುವಂಥದ್ದು.

ಅದೇ 1941ರಲ್ಲಿ ಬೋಸ್ನಿಯಾದ ಸರಾಯೆವೋ ನಗರದಲ್ಲಿ ಝೈನೆಬಾ ಹರ್ದಗಾ ಎಂಬ ಮುಸ್ಲಿಮ್ ಗೃಹಿಣಿಯ ಕುಟುಂಬ, ಬಾಂಬ್ ದಾಳಿಗೆ ಮನೆ ಕಳೆದುಕೊಂಡ ಯಹೂದಿ ನೆರೆಯವರನ್ನು ತನ್ನ ಮನೆಯೊಳಗೆ ಕರೆದುಕೊಂಡಿತು. ಬೀದಿಯಲ್ಲಿ ನಡೆಯುವಾಗ ಝೈನೆಬಾ ತನ್ನ ಪರ್ದಾದ ಸೆರಗಿನಿಂದ ಗೆಳತಿಯ ತೋಳಿನ ಹಳದಿ ನಕ್ಷತ್ರದ ಪಟ್ಟಿಯನ್ನು ಮರೆಮಾಡಿದ್ದು ಒಂದು ಛಾಯಾಚಿತ್ರದಲ್ಲಿ ಉಳಿದಿದೆ. ಯಹೂದಿಯರಿಗೆ ನೆರವಾದುದಕ್ಕಾಗಿ ಆಕೆಯ ತಂದೆ ಅಹ್ಮದ್ ಸಾದಿಕ್ ಯಾಸೆನೊವಾಟ್ಸ್ ಶಿಬಿರದಲ್ಲಿ ಪ್ರಾಣ ತೆತ್ತರು. ಅರ್ಧ ಶತಮಾನದ ಬಳಿಕ ಸರಾಯೆವೋ ಮುತ್ತಿಗೆಗೆ ಸಿಕ್ಕಿ ನರಳುತ್ತಿದ್ದಾಗ, 1994ರಲ್ಲಿ, ವೃದ್ಧೆ ಝೈನೆಬಾರನ್ನು ಅಲ್ಲಿಂದ ಪಾರು ಮಾಡಿಸಲು ಓಡಾಡಿದ್ದು ಅದೇ ಯಹೂದಿ ಕುಟುಂಬ.

ನಮ್ಮೂರಿಗೇ ಬರೋಣ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಸಿಗಲಿಲ್ಲ. ಹಿಟ್ಲರನ ಕಾಲದ ಕ್ರೌರ್ಯದೊಂದಿಗೆ ಅದನ್ನು ತೂಗಲಾಗದು, ತೂಗಲೂಬಾರದು. ಆದರೆ ಅಂದು ನಮ್ಮ ಮನಸ್ಸು ಬಯಸಿದ್ದೇನು? ಇಷ್ಟು ವರ್ಷ ಪಕ್ಕದಲ್ಲೇ ಅಂಗಡಿ ಹಾಕಿದವನು ನಮಗಾಗಿ ಒಂದು ಮಾತಾದರೂ ಆಡಲಿ ಎಂದಲ್ಲವೇ? ಆ ಒಂದು ಮಾತನ್ನು ನಾವೂ ಇತರರಿಗೆ ಕೊಡಬೇಕಾಗಿದೆ. ಶಾಲೆಯಲ್ಲಿ ಯಾವುದೋ ಮಗುವನ್ನು ಜಾತಿ ಹಿಡಿದು ಹೀಯಾಳಿಸಿದಾಗ, ಬಾಡಿಗೆ ಮನೆ ಕೊಡದೆ ಯಾರನ್ನೋ ಬಾಗಿಲಿನಿಂದಲೇ ಕಳುಹಿಸಿದಾಗ, ಕೂಲಿಗೆ ಬಂದ ಹೊರಊರಿನ ಹೆಂಗಸನ್ನು ಸಂಶಯದಿಂದ ನೋಡಿದಾಗ ಬಾಯಿ ತೆರೆಯುವವರು ನಾವಾಗಬೇಕು.

ಕೆಡುಕನ್ನು ಕಂಡರೆ ಕೈಯಿಂದ ತಡೆಯಬೇಕು, ಆಗದಿದ್ದರೆ ನಾಲಿಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಲ್ಲಾದರೂ ಅದನ್ನು ಒಪ್ಪದಿರಬೇಕು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆಮ್‌ಸ್ಟರ್‌ಡ್ಯಾಮಿನ ಕೂಲಿಗಳ ಬಳಿ ಬಂದೂಕು ಇರಲಿಲ್ಲ. ಕೆಲಸ ಮಾಡುವ ಕೈಗಳಿದ್ದವು. ಅವನ್ನು ಅವರು ಎರಡು ದಿನ ಕಟ್ಟಿ ನಿಂತರು. ಮಕ್ಕಳಿಗೆ ವೀರರ ಕಥೆ ಹೇಳುವ ರಾತ್ರಿ ಈ ಕಥೆಯನ್ನೂ ಹೇಳೋಣ.