ಓಡಿ ತೋರಿಸಿದರಷ್ಟೇ ಈ ನೌಕರಿ

ಡಿಗ್ರಿ ಕಾಲೇಜಿನ ಕನ್ನಡ ಅಧ್ಯಾಪಕರನ್ನು ಯಾರೂ ಓಡಿಸಿ ನೋಡಿ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಅರ್ಥಶಾಸ್ತ್ರದವರನ್ನೂ ಅಷ್ಟೆ. ಆ ಭಾಗ್ಯ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಮಾತ್ರ. ಯುಜಿಸಿಯ 2018ರ ನಿಯಮಾವಳಿಯಂತೆ ಮೂವತ್ತರೊಳಗಿನ ಗಂಡಸು 12 ನಿಮಿಷದಲ್ಲಿ 1800 ಮೀಟರ್, ಹೆಂಗಸು 8 ನಿಮಿಷದಲ್ಲಿ 1000 ಮೀಟರ್ ಓಡಿಯೋ ನಡೆದೋ ಮುಗಿಸಬೇಕು. ವಯಸ್ಸು ಏರಿದಂತೆ ದೂರ ಇಳಿಯುತ್ತದೆ. ಐವತ್ತರ ಹೊಸ್ತಿಲಲ್ಲಿ ನಿಂತ ಗಂಡಸಿಗೆ ಅದೇ 12 ನಿಮಿಷಕ್ಕೆ 800 ಮೀಟರ್ ಸಾಕು. ದಾರಿಯಲ್ಲಿ ಯಾರನ್ನಾದರೂ ಮಾತಾಡಿಸಿಕೊಂಡೇ ಹೋಗಬಹುದು.

ಓಟವೊಂದೇ ಸಾಲದು. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು, ನೆಟ್ ಇಲ್ಲವೇ ಕೆಸೆಟ್ ಪಾಸಾಗಿರಬೇಕು ಅಥವಾ ಪಿಎಚ್.ಡಿ. ಇರಬೇಕು, ಸ್ವತಃ ಅಂತರ್ ಕಾಲೇಜು, ಅಂತರ್ ವಿಶ್ವವಿದ್ಯಾಲಯ ಅಥವಾ ರಾಜ್ಯಮಟ್ಟದಲ್ಲಿ ಆಡಿದ ದಾಖಲೆ ಇರಬೇಕು. ಇಷ್ಟೆಲ್ಲ ದಾಟಿ ಬಂದವರಿಗೆ ಯುಜಿಸಿಯ 7ನೇ ವೇತನ ಶ್ರೇಣಿಯಲ್ಲಿ ಆರಂಭದ ಮೂಲವೇತನ 57,700 ರೂಪಾಯಿ. ಸಹಾಯಕ ಪ್ರಾಧ್ಯಾಪಕರಿಗೆ ಎಷ್ಟೋ ಅಷ್ಟೇ. ಸ್ಟಾಫ್ ರೂಮಿನಲ್ಲಿ ಸಿಗುವ ಮರ್ಯಾದೆಯೂ ಅಷ್ಟೇ ಇರುತ್ತದೆಯೇ ಎಂಬುದು ಬೇರೆ ಮಾತು. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು 1920ರಲ್ಲಿ ಮದರಾಸಿನ ವೈಎಂಸಿಎಯಲ್ಲಿ ಶುರುಮಾಡಿದ ತರಬೇತಿ ಶಾಲೆಯಿಂದ ನಮ್ಮಲ್ಲಿ ಬೇರುಬಿಟ್ಟ ವಿದ್ಯೆ ಇದು. ಆದರೆ ಬಹಳ ಜನರ ಕಣ್ಣಿಗೆ ಇವರು ಇನ್ನೂ ಹಳೆಯ ‘ಡ್ರಿಲ್ ಮಾಸ್ಟರ್’. ಹುಡುಗರ ಬಾಯಲ್ಲಿ ‘ಪೀಡಿ ಸಾರ್’.

ನಿರ್ದೇಶಕ ಎಂಬ ಪದವಿಯಲ್ಲೇ ಒಂದು ತಮಾಷೆಯಿದೆ. ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕ ಒಂದು ಕಂಪನಿಯನ್ನೇ ನಡೆಸುತ್ತಾನೆ. ಫುಟ್‌ಬಾಲ್ ಕೋಚನ್ನು ನೇಮಿಸುವುದು, ತೆಗೆಯುವುದು, ಸ್ಟೇಡಿಯಂ ಟಿಕೆಟು ಎಲ್ಲ ಅವನ ಮೇಜಿನ ಮೇಲೆ. ನ್ಯಾಯಾಲಯದಲ್ಲಿ ಆದ ಒಪ್ಪಂದದಂತೆ 2025ರ ಜುಲೈಯಿಂದ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ಮೊದಲ ವರ್ಷದಲ್ಲೇ ಒಟ್ಟು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ನಿರ್ದೇಶಕರ ಕೈಕೆಳಗೆ ಸಾಮಾನ್ಯವಾಗಿ ಒಬ್ಬರೂ ಇರುವುದಿಲ್ಲ. ಸುಣ್ಣದ ಪುಡಿಯಲ್ಲಿ ಕಬಡ್ಡಿ ಅಂಕಣದ ಗೆರೆ ಹಾಕುವವರು, ಸೀಟಿ ಊದುವವರು, ಚೆಂಡಿಗೆ ಮೂರು ಕೊಟೇಶನ್ ತರಿಸುವವರು, ಸ್ಟಾಕ್ ರಿಜಿಸ್ಟರ್ ಬರೆಯುವವರು ಎಲ್ಲ ಅವರೇ. ಆಗಸ್ಟ್ 15ಕ್ಕೆ ಪಥಸಂಚಲನ ಅವರದು, ಶಿಸ್ತು ಸಮಿತಿಯಂತೂ ಹುಟ್ಟಿನಿಂದಲೇ ಅವರ ಹೆಸರಿಗೆ.

2007ರಲ್ಲಿ ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ರಾಮನಗರ ಜಿಲ್ಲೆಯಲ್ಲಿ ಈ ಕೆಲಸಕ್ಕೆ ತನ್ನದೇ ಕಷ್ಟಗಳುಂಟು. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಕಾಲೇಜುಗಳಿಗೆ ಬರುವ ಬಹಳಷ್ಟು ಮಕ್ಕಳು ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು. ಸಂಜೆ ಅಭ್ಯಾಸ ಎಂದರೆ ಊರಿನ ಬಸ್ಸು ತಪ್ಪಿತೆಂದೇ ಅರ್ಥ. ಹಾಗಾಗಿ ತರಗತಿ ಶುರುವಾಗುವ ಮುಂಚೆ ಒಂದು ಗಂಟೆ, ಮಧ್ಯಾಹ್ನ ಬಿಡುವಿನಲ್ಲಿ ಅರ್ಧ ಗಂಟೆ, ಅಷ್ಟರಲ್ಲೇ ತಂಡ ಕಟ್ಟಬೇಕು. ಮೇಲಾಗಿ ಇದು ರೇಷ್ಮೆ ಸೀಮೆ. ಒಳ್ಳೆಯ ಕಬಡ್ಡಿ ರೈಡರ್ ಎರಡು ದಿನ ಕಾಣದಿದ್ದರೆ ಕಾಯಿಲೆಯೇ ಆಗಿರಬೇಕೆಂದಿಲ್ಲ. “ಹುಳ ಹಣ್ಣಾಗವೆ ಸಾರ್” ಎಂದರೆ ಮುಗಿಯಿತು. ಮನೆಮಂದಿಯೆಲ್ಲ ಕೂತು ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಆ ದಿನಗಳಲ್ಲಿ ಕಬಡ್ಡಿಯ ಮಾತೆತ್ತುವ ಧೈರ್ಯ ಯಾವ ನಿರ್ದೇಶಕರಿಗೂ ಬರಲಾರದು.

ಹೆಣ್ಣುಮಕ್ಕಳ ತಂಡದ ಕಥೆಯಲ್ಲಿ ಇನ್ನೊಂದು ಅಧ್ಯಾಯವಿದೆ. ಖೋ ಖೋದಲ್ಲಿ ಮಿಂಚುವ ಹುಡುಗಿ ಹೊರಗಿನ ಪಂದ್ಯಕ್ಕೆ ಹೊರಡುವ ಮೊದಲು ನಿರ್ದೇಶಕರು ಅವಳ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿಯಬೇಕು. “ಹೆಣ್ ಹೈಕ್ಳು, ಮೂರ್ ದಿನ ಆಚೆ ಉಳ್ಯದು ಅಂದ್ರೆ ಹೆಂಗ್ ಸಾರ್?” ಎಂಬ ಪ್ರಶ್ನೆಗೆ ನೆಟ್ ಪಠ್ಯಕ್ರಮದಲ್ಲಿ ಉತ್ತರವಿಲ್ಲ. ಜೊತೆಗೆ ಬರುವ ಮೇಡಂ ಯಾರು, ಮಲಗುವುದೆಲ್ಲಿ, ವಾಪಸು ಎಷ್ಟು ಹೊತ್ತಿಗೆ ಎಂದು ಒಂದೊಂದನ್ನೂ ಬಿಡಿಸಿ ಹೇಳಿ ಒಪ್ಪಿಸಬೇಕು. ನನ್ನ ಮಟ್ಟಿಗೆ ಈ ವೃತ್ತಿಯ ನಿಜವಾದ ಅರ್ಹತಾ ಪರೀಕ್ಷೆ ಇದು, 1800 ಮೀಟರ್ ಅಲ್ಲ.

ಕಾಲೇಜಿನ ಮೇಲಿನ ಮೆಟ್ಟಿಲು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ. ಅಲ್ಲಿ ಸಹಾಯಕ ನಿರ್ದೇಶಕ, ಉಪನಿರ್ದೇಶಕ, ನಿರ್ದೇಶಕ ಎಂಬ ಏಣಿ. ತುದಿ ಮುಟ್ಟಲು ಪಿಎಚ್‌.ಡಿ. ಬೇಕು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ ಹೋಳಾದ ಮೇಲೂ ಈ ಸೀಮೆಯ ಕಾಲೇಜುಗಳು ಅದರ ಜ್ಞಾನಭಾರತಿ ಆವರಣದ ಜೊತೆಗೇ ಉಳಿದವು. ಅಂತರ್ ಕಾಲೇಜು ಪಂದ್ಯಗಳ ವೇಳಾಪಟ್ಟಿ, ಆಯ್ಕೆ ಟ್ರಯಲ್ಸ್, ಅಲ್ಲಿಂದ ದಕ್ಷಿಣ ವಲಯಕ್ಕೆ, ಗೆದ್ದರೆ ಅಖಿಲ ಭಾರತ ಕೂಟಕ್ಕೆ ತಂಡ ಕಳಿಸುವುದು, ಎಲ್ಲ ಅಲ್ಲಿನ ಕ್ರೀಡಾ ವಿಭಾಗದ ಹೊಣೆ. ಅಂತರ್ ವಿಶ್ವವಿದ್ಯಾಲಯ ಕೂಟಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುತ್ತದೆ. ಆಡುವವರ ವಯಸ್ಸು 17ರಿಂದ 25ರೊಳಗಿರಬೇಕು. ಒಟ್ಟಾರೆ ಸಾಧನೆಯಲ್ಲಿ ಮುಂದಿರುವ ವಿಶ್ವವಿದ್ಯಾಲಯಕ್ಕೆ 1956–57ರಿಂದ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಕೊಡುತ್ತಾ ಬಂದಿದ್ದಾರೆ.

ಕನಕಪುರ ರಸ್ತೆಯಲ್ಲೇ ಈ ಕಸುಬಿನ ಇನ್ನೊಂದು ಮುಖ ಕಾಣುತ್ತದೆ. 2022ರ ಏಪ್ರಿಲ್–ಮೇನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೇ ಆವೃತ್ತಿ ನಡೆದಾಗ ಆತಿಥೇಯ ಜೈನ್ ವಿಶ್ವವಿದ್ಯಾಲಯದ ಜಕ್ಕಸಂದ್ರದ ಆವರಣವೂ ಕೂಟದ ಅಂಗಳವಾಗಿತ್ತು. ಆಟಗಳು 20; ಮಲ್ಲಕಂಬ, ಯೋಗಾಸನ ಆ ಸಲ ಹೊಸದಾಗಿ ಸೇರಿದ್ದವು. ಈಜುಗಾರ ಶ್ರೀಹರಿ ನಟರಾಜ್ ಅವರಂಥವರನ್ನು ಇಟ್ಟುಕೊಂಡಿದ್ದ ಜೈನ್ 20 ಚಿನ್ನ ಗೆದ್ದು ಪಟ್ಟಿಯ ಮೊದಲಲ್ಲಿ ನಿಂತಿತು. ಅದೇ ರಸ್ತೆಯಲ್ಲಿ ಇನ್ನಷ್ಟು ದೂರ ಹೋದರೆ ಎಸ್. ಕರಿಯಪ್ಪನವರು ಹಳ್ಳಿ ಮಕ್ಕಳಿಗೆಂದು ಕಟ್ಟಿದ ಗ್ರಾಮಾಂತರ ವಿದ್ಯಾಸಂಸ್ಥೆಯ ಕನಕಪುರ. ಶುಲ್ಕ ಬಿಟ್ಟು, ಹಾಸ್ಟೆಲ್ ಕೊಟ್ಟು ಸಿದ್ಧ ಆಟಗಾರರನ್ನು ಕರೆತರಬಲ್ಲ ಕಡೆಯ ನಿರ್ದೇಶಕರಿಗೂ, ಪ್ರವೇಶಕ್ಕೆ ಬಂದ ಎತ್ತರದ ಹುಡುಗರನ್ನು ಕಣ್ಣಿನಲ್ಲೇ ಅಳೆದು “ವಾಲಿಬಾಲ್ ಆಡ್ತೀಯೇನಪ್ಪಾ?” ಎಂದು ಕೇಳುವವರಿಗೂ ಹುದ್ದೆಯ ಹೆಸರು ಒಂದೇ.

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದರೆ ಪೀಡಿ ಸಾರ್ ಕೋಣೆಗೆ ಎಲ್ಲರೂ ಎಡತಾಕುತ್ತಾರೆ. ಪದಕಗಳನ್ನೂ ಎಣಿಸಿ ಅಂಕ ಕೊಡುವ ಕಲಂ ನ್ಯಾಕ್ ಮೌಲ್ಯಮಾಪನದಲ್ಲಿದೆ. ಮಿಕ್ಕ ದಿನ ಅಲ್ಲಿಗೆ ಬರುವವರು ಆಡುವ ಹುಡುಗರಷ್ಟೇ. ಪಂದ್ಯ ಮುಗಿದು ವಾರಗಳಾದ ಮೇಲೆ ಪ್ರಮಾಣಪತ್ರಗಳ ಕಟ್ಟು ಬರುತ್ತದೆ. ಸಾರ್ ಕನ್ನಡಕ ಏರಿಸಿ, ಒಂದೊಂದು ಹೆಸರನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪಕ್ಕ ಇಟ್ಟು ನೋಡುತ್ತಾರೆ. ಇನಿಷಿಯಲ್ ಹೆಸರಿನ ಮುಂದಿದೆಯೋ ಹಿಂದಿದೆಯೋ, ಗೌಡಕ್ಕೆ ಒಂದು ‘ಡಿ’ಯೋ ಎರಡೋ. ನಾಳೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಒಂದು ಅಕ್ಷರಕ್ಕೆ ಹುಡುಗ ಅಲೆಯುವಂತಾಗಬಾರದು. ತಪ್ಪಿದ್ದ ಎರಡನ್ನು ಬೇರೆಯಿಟ್ಟು, ಮರುದಿನ ಬೆಳಿಗ್ಗೆ ಜ್ಞಾನಭಾರತಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸುತ್ತಾರೆ.