ಒಂದೇ ಮಾಲಿಗೆ ಎರಡು ಸಲ ರೊಕ್ಕ
ಕಂಪನಿ ಬೇಡ ಅಂದ ಹಾಡುಗಳನ್ನು ಕೇಳುಗರು ಎತ್ತಿ ಹಿಡಿದರು

ವ್ಯಾಪಾರದಲ್ಲಿ ಇಂಥದ್ದು ನಡೆದೀತೇ ನೀವೇ ಹೇಳಿ. ಒಂದು ಮನೆತನ, ಅದಕ್ಕೆ ಎರಡು ಅಂಗಡಿ. ಮೊದಲನೇ ಅಂಗಡಿಯವರು ರೊಕ್ಕ ಹಾಕಿ ಮಾಲು ತಯಾರು ಮಾಡಿಸಿದರು. ಮಾಲು ಕೈಗೆ ಬಂದ ಮೇಲೆ ಮೂಗು ಮುರಿದು, ‘ಇದು ಪೇಟೆಯಲ್ಲಿ ಓಡೋದಿಲ್ಲ’ ಅಂತ ಮಾಡಿದವನಿಗೇ ಪುಕ್ಕಟೆ ವಾಪಸು ಕೊಟ್ಟರು. ಅವನು ಅದನ್ನು ಹಾದಿ ಹೋಕರಿಗೆಲ್ಲ ಬಿಟ್ಟಿ ರುಚಿ ತೋರಿಸಿದ. ಜನ ಚಪ್ಪರಿಸಿದರು. ಆರು ತಿಂಗಳು ಕಳೆಯುವುದರೊಳಗೆ ಅದೇ ಮನೆತನದ ಎರಡನೇ ಅಂಗಡಿಯವರು ಬಂದು ಅದೇ ಮಾಲಿಗೆ ಹೊಸದಾಗಿ ರೊಕ್ಕ ಎಣಿಸಿ ಕೊಟ್ಟು ಕೊಂಡುಹೋದರು!

ಕಟ್ಟುಕಥೆಯಲ್ಲ ಇದು. ಅಮೆರಿಕದ ಷಿಕಾಗೋ ನಗರದಲ್ಲಿ 2001ರಲ್ಲಿ ನಡೆದದ್ದು. ಮಾಲು ಅಂದರೆ ಹನ್ನೊಂದು ಹಾಡುಗಳ ಒಂದು ಆಲ್ಬಂ. ಹೆಸರು ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’. ಮಾಡಿದವರು ವಿಲ್ಕೋ ಅನ್ನುವ ರಾಕ್ ತಂಡದವರು. ಎರಡು ಅಂಗಡಿಗಳೆಂದರೆ ರಿಪ್ರೈಸ್ ಮತ್ತು ನಾನ್‌ಸಚ್ ಎಂಬ ಧ್ವನಿಮುದ್ರಣ ಕಂಪನಿಗಳು. ಎರಡಕ್ಕೂ ಯಜಮಾನ ಒಬ್ಬನೇ, ಆಗಿನ ಎಒಎಲ್ ಟೈಮ್ ವಾರ್ನರ್.

ಹೊಳೆ ದಂಡೆಯ ಹುಡುಗರು

ವಿಲ್ಕೋದ ಮುಖಂಡ ಜೆಫ್ ಟ್ವೀಡಿ ಹುಟ್ಟಿದ್ದು ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನಲ್ಲಿ. ಮಿಸ್ಸಿಸಿಪ್ಪಿ ಹೊಳೆ ದಾಟಿದರೆ ಸೇಂಟ್ ಲೂಯಿಸ್ ಪಟ್ಟಣ. ಅದು ಮಿಸ್ಸೂರಿ ರಾಜ್ಯಕ್ಕೆ ಸೇರಿದ್ದು. ಊರು ಒಂದು ರಾಜ್ಯದಲ್ಲಿ, ಪೇಟೆ ಇನ್ನೊಂದರಲ್ಲಿ ಅಂದರೆ ಏನು ಅಂತ ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಟ್ವೀಡಿ ತನ್ನ ಗೆಳೆಯ ಜೇ ಫರಾರ್ ಜೊತೆ ‘ಅಂಕಲ್ ಟ್ಯುಪೆಲೋ’ ಅನ್ನುವ ತಂಡ ಕಟ್ಟಿದ. ಅಮೆರಿಕದ ಹಳ್ಳಿಗಾಡಿನ ಹಾಡಿಗೆ ಅವರು ‘ಕಂಟ್ರಿ’ ಅನ್ನುತ್ತಾರೆ. ಒಕ್ಕಲುತನ, ಗಣಿ ಕೆಲಸ, ಕುಡಿತ, ದೇವರು, ಕೈಕೊಟ್ಟ ಹೆಂಡತಿ, ಇವೇ ಅದರ ವಸ್ತು. ಈ ಹುಡುಗರು ಆ ಹಳ್ಳಿ ಹಾಡಿಗೆ ಪಟ್ಟಣದ ಗದ್ದಲದ ಗಿಟಾರು ಬೆರೆಸಿದರು. 1990ರಲ್ಲಿ ಅವರ ಮೊದಲ ಆಲ್ಬಂ ಬಂತು. ಆ ಬೆರಕೆಗೆ ಮುಂದೆ ‘ಆಲ್ಟ್ ಕಂಟ್ರಿ’ ಎಂಬ ಹೆಸರೇ ಬಿತ್ತು. 1994ರಲ್ಲಿ ಗೆಳೆಯರಿಬ್ಬರಿಗೂ ಬಿಟ್ಟುಹೋಯಿತು. ಉಳಿದವರನ್ನು ಕೂಡಿಸಿಕೊಂಡು ಟ್ವೀಡಿ ಕಟ್ಟಿದ್ದೇ ವಿಲ್ಕೋ. ವೈರ್‌ಲೆಸ್ ಮಾತಿನಲ್ಲಿ ‘ಹೇಳಿದಂತೆ ಮಾಡುತ್ತೇನೆ’ ಅನ್ನುವುದಕ್ಕೆ ವಿಲ್ಕೋ ಅನ್ನುತ್ತಾರೆ. ಈ ತಂಡ ಮಾತ್ರ ಕಂಪನಿ ಹೇಳಿದಂತೆ ಮಾಡಲಿಲ್ಲ, ಆ ಮಾತು ಬೇರೆ!

‘ಇಂಡೀ’ ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ತಮ್ಮ ಮನಸ್ಸಿಗೆ ಬಂದಂತೆ ಹಾಡುವವರು. ಲೆಕ್ಕ ಹಿಡಿದು ನೋಡಿದರೆ ಆಗ ವಿಲ್ಕೋ ದೊಡ್ಡ ಕಂಪನಿಯ ಒಳಗೇ ಇತ್ತು. ಮನಸ್ಸು ಮಾತ್ರ ಇಂಡೀ. 1996ರಲ್ಲಿ ‘ಬೀಯಿಂಗ್ ದೇರ್’ ಎಂಬ ಜೋಡಿ ಡಿಸ್ಕಿನ ಆಲ್ಬಂ ತಂದಾಗ, ಕೇಳುಗರ ಮೇಲೆ ಎರಡು ಡಿಸ್ಕಿನ ಬೆಲೆ ಬೀಳಬಾರದು ಅಂತ ತಮಗೆ ಬರಬೇಕಾಗಿದ್ದ ರಾಯಧನದಲ್ಲೇ ಒಂದಷ್ಟನ್ನು ಬಿಟ್ಟುಕೊಟ್ಟವರು. 1999ರ ‘ಸಮ್ಮರ್‌ಟೀತ್’ ಹೊತ್ತಿಗೆ ಹಳ್ಳಿ ಹಾಡಿನ ವಾಸನೆ ಕಡಿಮೆಯಾಗಿ ಪಿಯಾನೋ, ಕೀಬೋರ್ಡು ಮುಂದೆ ಬಂದಿದ್ದವು. ಪತ್ರಿಕೆಯವರು ಹೊಗಳಿದರು, ಮಾರಾಟ ಮಾತ್ರ ಅಷ್ಟಕ್ಕಷ್ಟೆ. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಅದುವರೆಗಿನ ಅವರ ಯಾವ ಆಲ್ಬಂ ಕೂಡ ಮೊದಲ 50ರೊಳಗೆ ಬಂದಿರಲಿಲ್ಲ.

ಕಳೆ ತೆಗೆದದ್ದೋ, ಬೆಳೆ ಕಿತ್ತದ್ದೋ?

ಷಿಕಾಗೋದಲ್ಲಿ ತಂಡದವರಿಗೆ ಒಂದು ಅಟ್ಟ ಇದೆ, ‘ಲಾಫ್ಟ್’ ಅನ್ನುತ್ತಾರೆ. ಅಲ್ಲೇ ಕೂತು ಹೊಸ ಹಾಡುಗಳನ್ನು ಮಾಡಿದರು. ಒಂದೊಂದು ಹಾಡನ್ನೂ ಹತ್ತು ಬಗೆಯಲ್ಲಿ ಹಾಡಿ ನೋಡುವುದು, ಒಡೆಯುವುದು, ಮತ್ತೆ ಕಟ್ಟುವುದು. ಕೆಲಸ ನಡೆದಿರುವಾಗಲೇ, 2001ರ ಆರಂಭದಲ್ಲಿ, ಡ್ರಮ್ಮು ಬಾರಿಸುವ ಕೆನ್ ಕೂಮರ್ ಬದಲಿಗೆ ಗ್ಲೆನ್ ಕೋಚೆ ಬಂದ. ಎಲ್ಲ ವಾದ್ಯವನ್ನೂ ಮುಟ್ಟಬಲ್ಲ, ಧ್ವನಿಮುದ್ರಣದ ಯಂತ್ರಗಳನ್ನೂ ಬಲ್ಲ ಜೇ ಬೆನೆಟ್ ಪದರದ ಮೇಲೆ ಪದರ ನಾದ ಹಾಕುತ್ತ ಹೋದ. ಆಮೇಲೆ ಟ್ವೀಡಿ ಹೊರಗಿನಿಂದ ಜಿಮ್ ಓ ರೂರ್ಕ್ ಎಂಬವನನ್ನು ಕರೆತಂದ. ಈ ಓ ರೂರ್ಕ್ ಬಂದವನೇ ಹೊಲಕ್ಕೆ ಕುಂಟೆ ಹೊಡೆದಂತೆ ಹೊಡೆದ. ಬೇಡದ್ದನ್ನೆಲ್ಲ ಕಿತ್ತು ಸಾಲು ಸಾಲಿನ ನಡುವೆ ಜಾಗ ಬಿಡಿಸಿದ. ಬೆನೆಟ್‌ಗೆ ಅದು ಸಹಿಸಲಿಲ್ಲ. ಕಳೆ ತೆಗೆದದ್ದು ಅಂತ ಒಬ್ಬ, ಬೆಳೆ ಕಿತ್ತದ್ದು ಅಂತ ಇನ್ನೊಬ್ಬ. ಆ ವರ್ಷದ ಆಗಸ್ಟ್ ಹೊತ್ತಿಗೆ ಬೆನೆಟ್ ತಂಡದಿಂದ ಹೊರಗೆ. ಈ ಜಗಳವನ್ನೆಲ್ಲ ಸ್ಯಾಮ್ ಜೋನ್ಸ್ ಎಂಬ ಛಾಯಾಗ್ರಾಹಕ ಕಪ್ಪು ಬಿಳುಪು ಚಿತ್ರವಾಗಿ ಹಿಡಿದಿಟ್ಟ; ಅದು 2002ರಲ್ಲಿ ತೆರೆ ಕಂಡಿತು.

ಆಲ್ಬಮ್ಮಿನ ವಿಚಿತ್ರ ಹೆಸರಿನ ಬಗ್ಗೆ ಒಂದು ಮಾತು. ಶಾರ್ಟ್‌ವೇವ್ ರೇಡಿಯೋದಲ್ಲಿ ಸಿಲೋನ್ ಸ್ಟೇಷನ್ ಹುಡುಕುತ್ತ ಮುಳ್ಳು ತಿರುಗಿಸಿದ ಹಿರಿಯರಿಗೆ ನಡುನಡುವೆ ಗೊರಗೊರ ಸದ್ದಿನ ಮಧ್ಯೆ ಯಾವುದೋ ದೇಶದ ಮಾತು ಕೇಳಿಸಿದ್ದು ನೆನಪಿರಬಹುದು. ಅಂಥದೇ ಕೆಲವು ಸ್ಟೇಷನ್‌ಗಳಲ್ಲಿ ಹಾಡಿಲ್ಲ, ವಾರ್ತೆಯಿಲ್ಲ. ಒಂದು ಹೆಣ್ಣು ದನಿ ಬರೀ ಅಂಕಿ, ಅಕ್ಷರಗಳನ್ನು ಓದುತ್ತಿರುತ್ತದೆ. ಗೂಢಚಾರರಿಗೆ ಕಳಿಸುವ ಸಂದೇಶ ಅದು ಅಂತ ಬಹಳ ಜನರ ನಂಬಿಕೆ. ಲಾರಿ ನಂಬರನ್ನು ಫೋನಿನಲ್ಲಿ ಹೇಳುವಾಗ ನಾವು ‘ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ’ ಅನ್ನುತ್ತೇವಲ್ಲ, ಹಾಗೆ ವೈ ಅಕ್ಷರಕ್ಕೆ ಯಾಂಕೀ, ಎಚ್‌ಗೆ ಹೋಟೆಲ್, ಎಫ್‌ಗೆ ಫಾಕ್ಸ್‌ಟ್ರಾಟ್. ಇಂಥ ಸ್ಟೇಷನ್‌ಗಳ ಧ್ವನಿಗಳನ್ನು ಇಂಗ್ಲೆಂಡಿನ ಇರ್ಡಿಯಲ್ ಎಂಬ ಸಣ್ಣ ಕಂಪನಿ 1997ರಲ್ಲಿ ಡಿಸ್ಕುಗಳಲ್ಲಿ ತಂದಿತ್ತು. ಅದರೊಳಗಿನ ಒಂದು ತುಣುಕನ್ನು ವಿಲ್ಕೋದವರು ‘ಪೂರ್ ಪ್ಲೇಸಸ್’ ಹಾಡಿನ ಕೊನೆಗೆ ಸೇರಿಸಿದರು. ಕೇಳದೆ ಸೇರಿಸಿದ್ದಕ್ಕೆ ಇರ್ಡಿಯಲ್‌ನವರು ಕೋರ್ಟು ಹತ್ತಿದರು. ಕೊನೆಗೆ ರಾಜಿಯಾಯಿತು.

ಜೂನ್‌ನಲ್ಲಿ ಬೇಡ, ನವೆಂಬರ್‌ನಲ್ಲಿ ಬೇಕು

2001ರ ಜೂನ್‌ನಲ್ಲಿ ತಯಾರಾದ ಆಲ್ಬಂ ರಿಪ್ರೈಸ್ ಕಂಪನಿಗೆ ಹೋಯಿತು. ಸಮಯ ಕೆಟ್ಟಿತ್ತು. ಎಒಎಲ್ ಮತ್ತು ಟೈಮ್ ವಾರ್ನರ್ ಅದೇ ವರ್ಷ ಜನವರಿಯಲ್ಲಿ ಒಂದಾಗಿದ್ದವು; ವಿಲ್ಕೋ ಪರ ನಿಲ್ಲುತ್ತಿದ್ದ ರಿಪ್ರೈಸ್ ಅಧ್ಯಕ್ಷ ಹೋವೀ ಕ್ಲೈನ್ ಜಾಗ ಬಿಟ್ಟಿದ್ದರು. ಹೊಸ ಧಣಿಗಳಿಗೆ ಬೇಕಾದದ್ದು ರೇಡಿಯೋದಲ್ಲಿ ದಿನಕ್ಕೆ ಹತ್ತು ಸಲ ಬರುವಂಥ ಒಂದು ಹಾಡು. ಇದರಲ್ಲಿ ಅದಿಲ್ಲ, ಬದಲಾಯಿಸಿ ಅಂದರು. ತಂಡ ಒಪ್ಪಲಿಲ್ಲ. ಕಂಪನಿ ಕೊನೆಗೆ ಹಾಡುಗಳ ಹಕ್ಕನ್ನೂ ಬಿಟ್ಟುಕೊಟ್ಟು ತಂಡವನ್ನು ಕಳಿಸಿಕೊಟ್ಟಿತು. ಬೇರೆ ಕಂಪನಿಯಾಗಿದ್ದರೆ ಹಾಡನ್ನು ತಾನೂ ತರದೆ, ಅವರಿಗೂ ಕೊಡದೆ, ಗೋದಾಮಿನಲ್ಲೇ ಕೊಳೆಸುತ್ತಿತ್ತು. ಅಷ್ಟರಮಟ್ಟಿಗೆ ರಿಪ್ರೈಸ್‌ನವರನ್ನು ಮೆಚ್ಚಬೇಕು.

ಅಷ್ಟು ಹೊತ್ತಿಗೆ ಹಾಡುಗಳು ಕಳ್ಳದಾರಿಯಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಿದಾಡತೊಡಗಿದ್ದವು. ನ್ಯಾಪ್‌ಸ್ಟರ್ ಕಾಲ ಅದು. ಪುಕ್ಕಟೆ ಹಾಡು ಹಂಚಿಕೆಯ ಆ ಅಂಗಡಿಗೆ ಕೋರ್ಟು ಬೀಗ ಹಾಕಿಸಿದ್ದು ಅದೇ ವರ್ಷ ಜುಲೈಯಲ್ಲಿ. ದೊಡ್ಡ ಕಂಪನಿಗಳೆಲ್ಲ ಬಿಟ್ಟಿ ಕೇಳುಗರನ್ನು ಕಳ್ಳರು ಅಂತ ಬಯ್ಯುತ್ತಿದ್ದಾಗ ವಿಲ್ಕೋ ಉಲ್ಟಾ ಹಾದಿ ಹಿಡಿಯಿತು. 2001ರ ಸೆಪ್ಟೆಂಬರ್ 18ರಂದು ಇಡೀ ಆಲ್ಬಮ್ಮನ್ನು ತನ್ನ ಸ್ವಂತ ಇಂಟರ್ನೆಟ್ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಕೇಳಲಿ ಅಂತ ತೆರೆದಿಟ್ಟಿತು. ಆಮೇಲೆ ಊರೂರಿಗೆ ಕಾರ್ಯಕ್ರಮಕ್ಕೆ ಹೊರಟಿತು. ಹೋದಲ್ಲೆಲ್ಲ ಒಂದು ಸೋಜಿಗ: ಯಾವ ಅಂಗಡಿಯಲ್ಲೂ ಇಲ್ಲದ ಹಾಡುಗಳನ್ನು ಜನ ಬಾಯಿಪಾಠ ಮಾಡಿಕೊಂಡು ಬಂದು ಹಾಡುಗಾರನ ಜೊತೆಗೇ ಹಾಡುತ್ತಿದ್ದರು!

ನವೆಂಬರ್‌ನಲ್ಲಿ ನಾನ್‌ಸಚ್ ಕಂಪನಿ ತಂಡದ ಜೊತೆ ಒಪ್ಪಂದ ಮಾಡಿಕೊಂಡಿತು. 2002ರ ಏಪ್ರಿಲ್ 23ರಂದು ಆಲ್ಬಂ ಅಂಗಡಿಗೆ ಬಂತು. ಏಳು ತಿಂಗಳು ಪುಕ್ಕಟೆ ಕೇಳಿದ ಮೇಲೆ ಯಾರು ಕೊಳ್ಳುತ್ತಾರೆ? ಮೊದಲ ವಾರದಲ್ಲೇ 55 ಸಾವಿರಕ್ಕೂ ಹೆಚ್ಚು ಪ್ರತಿ ಹೋಯಿತು. ಮಾರಾಟದ ಪಟ್ಟಿಯಲ್ಲಿ 13ನೇ ಸ್ಥಾನ. ಮುಂದೆ 5 ಲಕ್ಷ ದಾಟಿ ವಿಲ್ಕೋದ ಅತಿ ಹೆಚ್ಚು ಮಾರಾಟವಾದ ಆಲ್ಬಂ ಆಯಿತು. ಸಂತೆಯಲ್ಲಿ ಮಾವಿನ ಹೋಳು ಕೊಯ್ದು ಕೊಟ್ಟು ಬುಟ್ಟಿ ಖಾಲಿ ಮಾಡುವ ಹೆಂಗಸರಿಗೆ ಈ ಲೆಕ್ಕ ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ಹಣ್ಣು ಹುಳಿಯಿದ್ದರೆ ಮಾತ್ರ ಆ ಉಪಾಯ ನಡೆಯುವುದಿಲ್ಲ.

ಕೇಳಿದವರು ಏನಂದರು?

ಎಲ್ಲರೂ ಹೊಗಳಿದರು ಅಂದರೆ ಸುಳ್ಳಾಗುತ್ತದೆ. ಅಂಕಲ್ ಟ್ಯುಪೆಲೋ ಕಾಲದಿಂದ ಜೊತೆಗಿದ್ದ ಹಳ್ಳಿ ಹಾಡಿನ ಪ್ರಿಯರಲ್ಲಿ ಎಷ್ಟೋ ಮಂದಿಗೆ ಇದು ರುಚಿಸಲಿಲ್ಲ. ಮೊದಲನೇ ಹಾಡೇ ಏಳು ನಿಮಿಷದ್ದು. ತಾಳ ಮುಗ್ಗರಿಸುತ್ತದೆ, ಪಿಯಾನೋ ತನ್ನಷ್ಟಕ್ಕೆ ಅಲೆಯುತ್ತದೆ, ಕೊನೆಗೆ ಪಾತ್ರೆ ಪಗಡ ಉರುಳಿದಂತೆ ಸದ್ದು. ‘ಒಳ್ಳೇ ಪದಾ ಬರೀತಿದ್ದ ಮನುಷ್ಯಾ, ಇದೇನು ಗದ್ಲ ಹಚ್ಯಾನ’ ಅಂತ ನಮ್ಮ ಕಡೆಯ ಭಜನಾ ಮೇಳದ ಹಿರಿಯರು ಹೊಸ ಹುಡುಗರ ಕೀಬೋರ್ಡಿಗೆ ಅನ್ನುವುದಿಲ್ಲವೇ, ಹಾಗೆಯೇ ಅವರ ದೂರು.

ಹೊಸ ಕೇಳುಗರದು ಬೇರೆ ಮಾತು. ಆ ಗದ್ದಲವೇ ಹಾಡಿನ ಅರ್ಥ ಅಂದರು ಅವರು. ಪ್ರೀತಿಸುವ ಇಬ್ಬರ ನಡುವೆ ಮಾತು ಮುಟ್ಟುತ್ತಿಲ್ಲ, ರೇಡಿಯೋದಲ್ಲಿ ಗೊರಗೊರ ಅಂದಹಾಗೆ. ಆ ಸಂಕಟಕ್ಕೆ ತಿಳಿಯಾದ ನಾದ ಹೇಗೆ ಹೊಂದೀತು ಅಂತ ಅವರ ವಾದ. ಪಿಚ್‌ಫೋರ್ಕ್ ಎಂಬ ವಿಮರ್ಶಾ ಪತ್ರಿಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ‘ವಿಲೇಜ್ ವಾಯ್ಸ್’ ವಾರಪತ್ರಿಕೆ ವರ್ಷಕ್ಕೊಮ್ಮೆ ದೇಶದ ವಿಮರ್ಶಕರ ಮತ ಎಣಿಸುತ್ತಿತ್ತು; 2002ರ ಎಣಿಕೆಯಲ್ಲಿ ಇದೇ ಮೊದಲನೆಯದು.

ಇನ್ನೊಂದು ವಿಷಯ ಕೇಳುಗರ ಮನಸ್ಸನ್ನು ಕಲಕಿತು. ಈ ಆಲ್ಬಂ ಮೊದಲು ಹೊರಬರಬೇಕಾಗಿದ್ದ ದಿನ 2001ರ ಸೆಪ್ಟೆಂಬರ್ 11. ನ್ಯೂಯಾರ್ಕಿನ ಜೋಡಿ ಗೋಪುರ ಉರುಳಿದ ದಿನ ಅದು! ‘ಜೀಸಸ್, ಎಟ್ಸೆಟ್ರಾ’ ಎಂಬ ಹಾಡಿನಲ್ಲಿ ಎತ್ತರದ ಕಟ್ಟಡಗಳು ನಡುಗುವ ಮಾತು ಬರುತ್ತದೆ. ಇನ್ನೊಂದು ಹಾಡಿನ ಹೆಸರೇ ‘ಅಮೆರಿಕದ ಬಾವುಟಗಳ ಬೂದಿ’ ಅನ್ನುವ ಅರ್ಥದ್ದು. ರಕ್ಷಾಪುಟದಲ್ಲಿ ಷಿಕಾಗೋದ ಮರೀನಾ ಸಿಟಿಯ ಜೋಡಿ ಗೋಪುರಗಳು. ಮೆಕ್ಕೆಜೋಳದ ತೆನೆಯ ಹಾಗೆ ಕಾಣುವ ಕಟ್ಟಡಗಳವು, ಅಲ್ಲಿಯ ಜನ ಹಾಗೇ ಕರೆಯುತ್ತಾರೆ ಕೂಡ. ಹಾಡು ಬರೆದದ್ದು, ಮುದ್ರಿಸಿದ್ದು ಎಲ್ಲ ದುರಂತಕ್ಕೆ ಮೊದಲೇ. ಆದರೆ ಆ ದುರಂತದ ಒಂದು ವಾರಕ್ಕೆ ಕಿವಿಗೊಟ್ಟವರಿಗೆ ಅದು ತಮ್ಮ ಶೋಕದ ಹಾಡಾಗಿಯೇ ಕೇಳಿಸಿತು. ಕವಿ ಮೊದಲೇ ಕಂಡಿದ್ದ ಅಂತ ಕೆಲವರು ನಂಬಿದರು. ನನಗದು ಅತಿಯಾಯಿತು ಅನ್ನಿಸುತ್ತದೆ. ಮಳೆ ಬಿದ್ದ ಮೇಲೆ ಪಂಚಾಂಗದ ಸಾಲು ಹುಡುಕಿದಂತೆ. ಆದರೂ ಅಳುವವರಿಗೆ ಒಂದು ಹಾಡು ಬೇಕಿತ್ತು, ಅದು ಕೈಗೆ ಸಿಕ್ಕಿತು ಅನ್ನುವುದು ಸಣ್ಣ ಸಂಗತಿಯಲ್ಲ.

ಮೂರನೇ ಪಂಗಡದವರೂ ಇದ್ದಾರೆ. ಹಾಡಿಗಿಂತ ಅದರ ಸುತ್ತಲಿನ ಕಥೆಯೇ ದೊಡ್ಡದಾಯಿತು ಅನ್ನುತ್ತಾರೆ ಅವರು. ಕಂಪನಿ ತಿರಸ್ಕರಿಸದೇ ಇದ್ದಿದ್ದರೆ ಇಷ್ಟು ಜನ ಕೇಳುತ್ತಿದ್ದರೇ? ಕೇಳುತ್ತಿರಲಿಲ್ಲ, ನಿಜ. ಆದರೆ ಕಥೆಯ ಆಸೆಗೆ ಬಂದವರು ಇಪ್ಪತ್ತು ವರ್ಷ ಕೂತು ಕೇಳುವುದಿಲ್ಲ. ‘ರೇಡಿಯೋ ಕ್ಯೂರ್’ ಹಾಡು ನನಗೆ ಈಗಲೂ ಎಳೆದಂತೆ ಅನ್ನಿಸುತ್ತದೆ. ಪಿಟೀಲಿನ ಮೆಲುದನಿಯ ಮೇಲೆ ನಡೆಯುವ ‘ಜೀಸಸ್, ಎಟ್ಸೆಟ್ರಾ’ ಮಾತ್ರ ಇಂಗ್ಲಿಷ್ ಅರ್ಥವಾಗದವರನ್ನೂ ನಿಲ್ಲಿಸಿ ಕೇಳಿಸುವಂಥದ್ದು. ಗದ್ದಲವನ್ನೆಲ್ಲ ಸರಿಸಿ ಒಂದೇ ಗಿಟಾರು ಹಿಡಿದು ಹಾಡಿದರೂ ಇದರ ಬಹುಪಾಲು ಹಾಡುಗಳು ನಿಲ್ಲುತ್ತವೆ. ಒಳಗಿರುವುದು ಹಳೇ ಹಳ್ಳಿ ಹಾಡೇ, ಮೇಲಿನ ಅಂಗಿ ಬೇರೆ.

ಮೂರನೇ ಸಲ ಅಂಗಡಿಗೆ

ವಿಲ್ಕೋದ ಮುಂದಿನ ಆಲ್ಬಂ 2004ರಲ್ಲಿ ಬಂದು ಗ್ರ್ಯಾಮಿ ಪ್ರಶಸ್ತಿ ಗೆದ್ದಿತು. 2011ರಲ್ಲಿ ತಂಡ ಡಿಬಿಪಿಎಂ ಎಂಬ ತನ್ನದೇ ಕಂಪನಿ ಹಾಕಿಕೊಂಡಿತು. ಈಗ ಲೆಕ್ಕಕ್ಕೂ ಇಂಡೀ.

ಹಳೇ ಮಾಲು ಅಲ್ಲಿಗೇ ಮುಗಿಯಲಿಲ್ಲ. ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ 2022ರಲ್ಲಿ ನಾನ್‌ಸಚ್‌ನವರು ಅದೇ ಆಲ್ಬಮ್ಮನ್ನು ದೊಡ್ಡ ಪೆಟ್ಟಿಗೆಯಲ್ಲಿ ಮತ್ತೆ ತಂದರು. 2023ರಲ್ಲಿ ಅದಕ್ಕೆ ಚಾರಿತ್ರಿಕ ಆಲ್ಬಂ ವಿಭಾಗದ ಗ್ರ್ಯಾಮಿ ಬಂತು. ಆ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ ಕೂತು ಮಾಡಿ ಮಾಡಿ ಕೈಬಿಟ್ಟ ಎಷ್ಟೋ ಆವೃತ್ತಿಗಳಿವೆ. ಒಂದೇ ಹಾಡು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಒಮ್ಮೆ ಬೇರೆಯೇ ನಡಿಗೆಯಲ್ಲಿ. ಓ ರೂರ್ಕ್ ಕುಂಟೆ ಹೊಡೆಯುವ ಮೊದಲು ಹೊಲ ಹೇಗಿತ್ತು ಅಂತ ಕೇಳುಗರು ಈಗ ತಾವೇ ಕೇಳಿ ಹೇಳಬಹುದು. ಹಾಗೆ ಕೇಳಿದವರಲ್ಲಿ ಎರಡು ಗುಂಪು ಮತ್ತೆ ಆಗಿವೆ: ಕಿತ್ತದ್ದೇ ಸರಿ ಅನ್ನುವವರು, ಬೆನೆಟ್ ಹೇಳಿದ್ದರಲ್ಲೂ ಸತ್ಯವಿತ್ತು ಅನ್ನುವವರು. ಬೆನೆಟ್ 2009ರ ಮೇ ತಿಂಗಳಲ್ಲಿ ತೀರಿಕೊಂಡ. ಆಗ ಅವನಿಗೆ 45 ವರ್ಷ.